ಹದಿಮೂರನೆಯ ಪೇಟ

ನಗರ್ತಪೇಟೆ

ಕ್ಲಬ್ಬಿನ ಕಾರ್ಯದರ್ಶಿ ಪ್ರಭುದೇವ ಅವರಿಗೆ,

ಸ್ವಾತಂತ್ರ್ಯ ದಿನದ ಊಟಕ್ಕೆ, ಬಾಗಿಲು ಕಾಯುವವರಿಗೂ ಬಡಿಸುವವರಿಗೂ ಹನ್ನೆರಡು ಜರಿ ಪೇಟ ಕಟ್ಟಿಕೊಡಿ ಅಂತ ಹೇಳಿ ಕಳಿಸಿದ್ದೀರಿ.

ಬಿಳಿಯರ ಕಾಲದಲ್ಲಿ ಇದೇ ಕ್ಲಬ್ಬಿಗೆ ಪೇಟ ಕಟ್ಟಲ್ಲ ಅಂದಿದ್ದಕ್ಕೆ ನಮ್ಮ ತಾತ ಒದೆ ತಿಂದಿದ್ದರು. ನಮ್ಮ ರಾಜರು, ದಿವಾನರು ಹಾಕೋ ಪೇಟಾನ ಈ ಬಿಳಿಯರು ಆಳುಗಳ ತಲೆಗಿಟ್ಟು ನಮ್ಮನ್ನೇ ಆಡಿಕೊಳ್ಳುತ್ತಾರೆ ಅನ್ನೋರು. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಯೋಚನೆ ಮಾಡದೆ ಮೂವತ್ತು ವರ್ಷ ನಿಮಗೆ ಕಟ್ಟಿಕೊಟ್ಟೆ. ಓದಿದವರು ನೀವೂ ಯೋಚನೆ ಮಾಡಲಿಲ್ಲ. ಬಿಳಿಯರು ಎದ್ದುಹೋದ ಕುರ್ಚಿಯಲ್ಲಿ ಕೂತಿರಿ, ಬಾಗಿಲಲ್ಲಿ ಪೇಟ ಹಾಗೇ ಬಿಟ್ಟಿರಿ.

ಈ ಸಲ ಹದಿಮೂರು ಕಟ್ಟುತ್ತೇನೆ. ಹದಿಮೂರನೆಯದನ್ನು ನೀವು ಹಾಕಿಕೊಂಡು ಅವತ್ತು ಬಾಗಿಲಲ್ಲಿ ನಿಲ್ಲಬೇಕು. ಆಗಲ್ಲ ಅಂದರೆ ಒಂದೂ ಇಲ್ಲ.

ಒಪ್ಪಿಗೆ ಇದ್ದರೆ ನಿಮ್ಮ ತಲೆಯ ಅಳತೆ ಕಳಿಸಿ.

ಇಷ್ಟೇ.
ಪೇಟ ಕಟ್ಟುವ ಮರಿಯಣ್ಣ