ಒಂದು ಟೀ ಕುಡಿಯುವಷ್ಟು ಹೊತ್ತು

ತುಮಕೂರು, ಗುರುವಾರ

ಅಕ್ಕಾ,

ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ಅದಕ್ಕೇ ಈ ಕಾರ್ಡು. ನಿನ್ನೆ ನಾನು ಊಟಕ್ಕೆ ಹೋಗಿದ್ದಾಗ ನಮ್ಮ ಲ್ಯಾಬಿನ ಅಟೆಂಡರ್, ಊರ್ಡಿಗೆರೆಯ ಕರಿಬಸವಯ್ಯ, ನನ್ನ ಮೀನಿನ ಮೊಟ್ಟೆಗಳನ್ನೆಲ್ಲ ಫ್ರಿಜ್ಜಿಗೆ ತುಂಬಿಬಿಟ್ಟಿದ್ದಾರೆ! "ಸೆಕೆಗೆ ಕೆಟ್ಟೋಯ್ತವೆ ಅಂತ ಮಡಗ್ದೆ ಕಣವ್ವಾ" ಅಂತಾರೆ. ಮೊಟ್ಟೆಯೊಳಗೆ ಒಂದು ಕೋಶ ಎರಡಾಗುವಾಗ ಎರಡೂ ಕಡೆಗೆ ಪಾಲು ಎಳೆದುಕೊಡುವ ಸಣ್ಣ ನೂಲುಗಳಿರುತ್ತವೆ. ಚಳಿಗೆ ಅವು ಕರಗಿಹೋಗುತ್ತವೆ. ಅಳುತ್ತಲೇ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಏನೂ ಚುಚ್ಚದ ಬರಿಯ ಮೊಟ್ಟೆಗಳಲ್ಲಿ ನೂಲೇ ಇಲ್ಲ, ನಾನು ಪ್ರೋಟೀನ್ ಚುಚ್ಚಿದವುಗಳಲ್ಲಿ ಮಾತ್ರ ಗಟ್ಟಿಯಾಗಿ ನಿಂತಿವೆ! ಆ ಪ್ರೋಟೀನ್ ನೂಲನ್ನು ಹಿಡಿದಿಡುತ್ತದೆಂದು ತೋರಿಸಲು ಮೂರು ತಿಂಗಳು ಒದ್ದಾಡಿದವಳು ನಾನು. ನನ್ನ ಪಿಎಚ್.ಡಿ. ಗೈಡ್ ಕುಣಿದಾಡಿ, ಎಷ್ಟು ನಿಮಿಷ ಫ್ರಿಜ್ಜಿನಲ್ಲಿದ್ದವೆಂದು ಬರೆ ಎಂದರು. ಕರಿಬಸವಯ್ಯನವರನ್ನು ಕೇಳಿದರೆ, "ಒಂದ್ ಟೀ ಕುಡ್ಕಂಡು ಬರೋ ಅಷ್ಟೊತ್ತು."

ನನ್ನ ಶೀತ ವಾಸಿಯಾಯಿತು. ಮುದ್ದೆಯನ್ನು ಅಗಿಯದೆ ನುಂಗಲು ಕಲಿತೆ, ಅಮ್ಮನಿಗೆ ಹೇಳು. ಜಾಗ ಮುಗಿಯಿತು. ಕರಿಬಸವಯ್ಯ ಟೀಗೆ ಹೊರಟರು, ಗಡಿಯಾರ ಹಿಡಿದು ನಾನೂ ಹಿಂದೆಯೇ ಓಡಬೇಕು.

ನಿನ್ನ ತಂಗಿ