ಕರಗದ ಬಂಗಾರ

ಕೇಕ್ ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ಹದಿನಾಲ್ಕನೇ ತಾರೀಖು, ಸಂಜೆ

ನನ್ನ ಅಮ್ಮಾ,

ಅಜ್ಜಿಯ ಸೊಂಟ ಹೇಗಿದೆ? ಗೋಡೆ ಹಿಡಿದಾದರೂ ನಾಲ್ಕು ಹೆಜ್ಜೆ ಇಡುತ್ತಿದ್ದಾರಾ? ಅವರನ್ನು ಎತ್ತಿ ಕೂರಿಸಲು ಹೋಗಿ ನೀನು ಬೆನ್ನು ಹಿಡಿಸಿಕೊಳ್ಳಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪ ದಿನಾ ಹಾಲು ಉಕ್ಕಿಸುತ್ತಾರೆ, ದಿನಾ ಒಲೆಯನ್ನೇ ಬೈಯುತ್ತಾರೆ. ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕೂತು "ಏನಂತೆ, ಏನಂತೆ" ಅನ್ನುತ್ತಾರೆ. ಅದಕ್ಕೇ ಈ ಕಾಗದ.

ಇವತ್ತು ಡ್ರೈವಿಂಗ್ ಮೇಷ್ಟ್ರ ಮಗಳ ಹುಟ್ಟುಹಬ್ಬ. ಕೇಕಿನ ಮೇಲೆ ನಾನೇ ಬಂಗಾರದ ಗ್ಲಿಟರ್ ಉದುರಿಸಿ ಹತ್ತು ಗಂಟೆಗೆ ಕಳಿಸಿದ್ದೆ. ಹನ್ನೆರಡಕ್ಕೆ ಕತ್ತರಿಸುವವರಿದ್ದರು. ಆಮೇಲೆ ನೋಡಿದರೆ, ಬ್ರಷ್ ನೆನೆಹಾಕಿದ್ದ ಬಿಸಿನೀರಿನಲ್ಲಿ ಚೂರುಗಳು ಹಾಗೇ ತೇಲುತ್ತಿವೆ. ಕೇಕಿಗೆ ಹಾಕುವ ಗ್ಲಿಟರ್ ನಾಲಿಗೆ ಮೇಲಿಟ್ಟರೆ ಕರಗುತ್ತದೆ ಎಂದು ನೀನೇ ಹೇಳಿಕೊಟ್ಟಿದ್ದೆ. ಬಾಟಲಿಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಮರಳಿನ ಹಾಗೆ ಸಿಕ್ಕಿತು. ಗಾಜಿನ ಕಪಾಟಿನಲ್ಲಿ ತೋರಿಕೆಗೆ ಇಟ್ಟಿರುವ ಥರ್ಮಾಕೋಲ್ ಕೇಕಿಗೆ ಹಾಕುವ ಪ್ಯಾಕೆಟ್ ತಂದು ಪಕ್ಕದಲ್ಲಿಟ್ಟೆ. ಅದೇ ಬಣ್ಣ, ಅದೇ ಚೂರು. ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ "ವಿಷಕಾರಿಯಲ್ಲ", ಕೆಳಗೆ ಇರುವೆಯಂಥ ಅಕ್ಷರದಲ್ಲಿ "ಅಲಂಕಾರಕ್ಕೆ ಮಾತ್ರ, ತಿನ್ನಬಾರದು".

"ವಿಷ ಅಲ್ಲ ಅಂತ ಬರ್ದಿದೆ ತಾನೆ, ಸುಮ್ನೆ ಗಾಬರಿ ಬೀಳ್ಬೇಡ" ಅಂದರು ಅಪ್ಪ. ಪೆನ್ಸಿಲ್ಲೂ ವಿಷ ಅಲ್ಲ ಅಪ್ಪಾ, ತಿಂತೀವಾ ಎಂದುಕೊಂಡೆ. ಮೇಷ್ಟ್ರು ಫೋನ್ ಎತ್ತಲಿಲ್ಲ. ಏಪ್ರನ್ನಿನಲ್ಲೇ ಅವರ ಮನೆಗೆ ಓಡಿದೆ. ಗಿರಾಕಿ ಬಂದರೆ ಕ್ರೀಮ್ ಡಬ್ಬದ ಹಿಂದೆ ಬಗ್ಗುವವಳು ನಾನು! ಬಾಗಿಲಿಗೆ ಬಂದಾಗ ಹುಡುಗಿ ಮೇಣದಬತ್ತಿ ಊದಿ ಚಾಕು ಹಿಡಿದಿದ್ದಳು. "ಬೇಡ, ತಿನ್ಬೇಡಿ!" ಎಂದು ಕಿರುಚಿದೆ. ಅಷ್ಟೂ ಜನ ತಿರುಗಿ ನೋಡಿದರು. ಇನ್ನೂ ಯಾರೂ ಬಾಯಿಗಿಟ್ಟಿರಲಿಲ್ಲ. ಬೇರೆ ಕೇಕ್ ಕೊಡ್ತೀವಿ ಎಂದು ತೊದಲಿದೆ. ಮೇಷ್ಟ್ರ ಹೆಂಡತಿ ಬೈಯಲಿಲ್ಲ. ಕೇಕನ್ನೇ ನೋಡುತ್ತಾ, "ಹೋದ ವರ್ಷಾನೂ ಇದೇ ಬಂಗಾರ ಹಾಕಿದ್ರಲ್ಲಮ್ಮ, ಅದು ಯಾವ್ದು?" ಅಂದರು. ವಿಚಾರಿಸಿ ಹೇಳ್ತೀನಿ ಎಂದು ಬಂದುಬಿಟ್ಟೆ.

ಅಂಗಡಿಗೆ ಕಾಲಿಟ್ಟ ಕೂಡಲೇ ಅಪ್ಪ, "ಸಾಹಿತ್ಯ ಓದಿದೋಳಿಗೆ ಒಂದು ಪ್ಯಾಕೆಟ್ ಓದಕ್ಕಾಗಲ್ವಾ? ಬಾಟ್ಲಿಗೆ ಏನು ತುಂಬ್ದೆ?" ಎಂದು ಕೂಗಾಡಿದರು. ಈಗ ಅವರೇ ಇನ್ನೊಂದು ಕೇಕ್ ಮಾಡಿ ತೆಗೆದುಕೊಂಡು ಹೋಗಿದ್ದಾರೆ, ಮೇಲೆ ಬರೀ ಕ್ರೀಮ್.

ಅಜ್ಜಿಗೆ ನನ್ನ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಗುಮ್ಮನಗುಸುಕಿ

ತಾ.ಕ.: ಅಮ್ಮಾ, ಆ ಬಾಟಲಿ ನಾನು ತುಂಬಿದ್ದಲ್ಲ. ನೀನು ಹೊರಡುವ ಹಿಂದಿನ ದಿನ ತುಂಬಿ, ಚೀಟಿಯಲ್ಲಿ ನಿನ್ನ ಕೈಯಾರೆ ತಾರೀಖು ಬರೆದು ಅಂಟಿಸಿದ್ದೀಯ. ಅಪ್ಪ ನೋಡುವ ಮೊದಲು ಚೀಟಿ ಕಿತ್ತಿಟ್ಟುಕೊಂಡೆ. ಬೈಸಿಕೊಂಡದ್ದಕ್ಕೆ ಬೇಜಾರಿಲ್ಲ. ಆದರೆ ಕಣ್ತಪ್ಪಿ ಆಯಿತಾ, ಗೊತ್ತಿದ್ದೂ ತುಂಬಿದ್ದಾ? ಯಾವಾಗಿನಿಂದ? ಬುಧವಾರ ಮೇಷ್ಟ್ರ ಹೆಂಡತಿ ಬ್ರೆಡ್ಡಿಗೆ ಬರುತ್ತಾರೆ. ಕೇಳಿದರೆ ಚೀಟಿ ತೋರಿಸುತ್ತೇನೆ. ಅಷ್ಟರೊಳಗೆ ನೀನೇ ಅವರಿಗೊಂದು ಫೋನ್ ಮಾಡಮ್ಮಾ.