ನಕ್ಷತ್ರಗಳ ಸುತ್ತಲಿನ ಬಿಳಿ ಬಟ್ಟೆ

ಹೋಮ್ಸ್ ಕೌಂಟಿ, ಒಹಾಯೊ
ಫೆಬ್ರವರಿ 9

ಪ್ರೀತಿಯ ಸಲೋಮಾ ಚಿಕ್ಕಮ್ಮನಿಗೆ,

ಅಮ್ಮ ಇನ್ನು ಹಾಸಿಗೆ ಬಿಟ್ಟು ಏಳುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಅವಳಿಗೆ ಚಳಿ ಬಿಡುತ್ತಲೇ ಇಲ್ಲ. ಅದಕ್ಕೆ ಚೂರುಬಟ್ಟೆಗಳಿಂದ ನಕ್ಷತ್ರದ ಕೌದಿ ಹೊಲಿಯುತ್ತಿದ್ದೇನೆ. "ನಾನು ಕಣ್ಣು ಮುಚ್ಚೋದ್ರೊಳಗೆ ಮುಗಿಸ್ತೀಯೇನೇ, ಆಮೆ?" ಎಂದು ಅಮ್ಮ ನಕ್ಕಳು. ಆಮೇಲೆ ಬೇಗ ಮುಗಿಯಲೆಂದು ನಾನು ನಡುವೆ ನೂಲು ಕತ್ತರಿಸಲೇ ಇಲ್ಲ. ಒಂದು ಜೋಡಿ ತುಂಡಿನ ಬೆನ್ನಿಗೇ ಇನ್ನೊಂದು ಜೋಡಿ ಕೊಡುತ್ತಾ, ಮೆಷಿನ್ ತುಳಿಯುತ್ತಲೇ ಹೋದೆ.

ನಕ್ಷತ್ರಗಳ ಸುತ್ತ ಹಾಕಲು ಬಿಳಿ ಬಟ್ಟೆ ಸಾಲಲಿಲ್ಲ. ಮನೆಯ ಹಳೇ ಪೆಟ್ಟಿಗೆಯ ತಳದಲ್ಲಿ ಒಂದು ಬಿಳಿ ಏಪ್ರನ್ನು, ಮೇಲ್ವಸ್ತ್ರ ಸಿಕ್ಕಿದವು. ಹಳೆಯವೆಂದು ಕತ್ತರಿಸಿದೆ. ನೂಲಿನಲ್ಲಿ ಸಾಲಾಗಿ ತೂಗುತ್ತಿದ್ದ ತುಂಡುಗಳನ್ನು ಅಕ್ಕ ಲವೀನಾ ನೋಡಿದಳು. "ಅಯ್ಯೋ ಪೆದ್ದಿ, ಅದು ಅಮ್ಮನ ಮದುವೇದು ಕಣೇ! ಮಣ್ಣು ಮಾಡುವಾಗ ಹಾಕೋಕೆ ಇಟ್ಕೊಂಡಿದ್ದು!" ಎಂದಳು. ಮದುವೆಯ ಬಿಳಿಯನ್ನೇ ತೊಡಿಸಿ ಮಣ್ಣು ಮಾಡುವ ನಮ್ಮವರ ಪದ್ಧತಿ ನನಗೆ ಗೊತ್ತಿತ್ತು. ಅಮ್ಮನದು ಅಲ್ಲಿದೆಯೆಂದು ಗೊತ್ತಿರಲಿಲ್ಲ.

ಅಮ್ಮನಿಗೆ ಹೇಳಿಲ್ಲ. ನಿನ್ನೆ ಅವಳು ನಕ್ಷತ್ರಗಳನ್ನು ತರಿಸಿಕೊಂಡು, ಬಿಳಿಯ ಮೇಲೆ ಬೆರಳಾಡಿಸಿ, "ಒಳ್ಳೇ ಬಟ್ಟೆ ಕಣೇ, ಯಾವ ಅಂಗಡೀದು?" ಎಂದಳು. ಪೇಟೆಯದು ಎಂದೆ. ಬರುವ ವಾರ ಪೆಟ್ಟಿಗೆಯಲ್ಲಿರುವುದನ್ನು ಇಸ್ತ್ರಿ ಮಾಡಿ ತೋರಿಸು ಎಂದಿದ್ದಾಳೆ.

ಅಮ್ಮನದನ್ನೂ ನಿಮ್ಮದನ್ನೂ ಅಜ್ಜಿ ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿದಿದ್ದರಂತೆ. ನಿಮ್ಮದನ್ನು ಕಳಿಸುತ್ತೀರಾ? ನಿಮಗೆ ಹೊಸದು ಹೊಲಿದು ಕೊಡುತ್ತೇನೆ. ಅದು ಮದುವೆಯದಾಗುವುದಿಲ್ಲ, ಗೊತ್ತು.

ಅಳತೆಯ ಚಿಂತೆ ಬೇಡ. ನೀವು ಅಮ್ಮನಿಗಿಂತ ತೆಳ್ಳಗಿದ್ದವರು. ಈಗ ಅಮ್ಮನಿಗೆ ಅದೂ ಸಡಿಲವಾಗುತ್ತದೆ.

ನಿಮ್ಮ
ಓರ್ಫಾ